ಹೊಳೆಯ ಕೆಳಗಿನವರನ್ನು ಕೇಳದ ನಿರ್ಣಯ

ಮೆಣಸಗಿ ಮತ್ತು ಸುತ್ತಣ ಹೊಳೆಸಾಲಿನ ಗ್ರಾಮಗಳ ಗುರುಹಿರಿಯರಲ್ಲಿ, ತಾಯಂದಿರಲ್ಲಿ, ರೈತಬಾಂಧವರಲ್ಲಿ ವಿಜ್ಞಾಪನೆ.

ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯು ತನ್ನ ಕಸವನ್ನು ಯಂತ್ರದಲ್ಲಿ ಕಾಯಿಸಿ ಇದ್ದಿಲು ಮಾಡುವ ಸ್ಥಾವರಕ್ಕಾಗಿ ಎನ್‌ಟಿಪಿಸಿ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿರುವುದು ತಮಗೆ ವಿದಿತವೇ ಆಗಿದೆ. ಅದೇ ನಗರದ ಗಟಾರದ ನೀರನ್ನು ಹೊತ್ತ ಬೆಣ್ಣಿಹಳ್ಳವು, ನವಲಗುಂದ ನರಗುಂದ ಸೀಮೆಗಳ ಎರೆಭೂಮಿಯನ್ನು ಹಾಯ್ದು ಬಂದು, ನಮ್ಮ ಮೆಣಸಗಿಯ ಸಮೀಪದಲ್ಲಿಯೇ ಮಲಪ್ರಭೆಯನ್ನು ಕೂಡುವುದೆಂಬುದನ್ನಂತೂ ಯಾರೂ ನಮಗೆ ತಿಳಿಸಿಕೊಡಬೇಕಾಗಿಲ್ಲ. ಇಷ್ಟಿದ್ದೂ, ಕಸದ ರಾಶಿ ಎಲ್ಲಿ ಬೀಳಬೇಕು, ಅದರ ಮೇಲೆ ಬಿದ್ದ ಮಳೆಯ ನೀರು ಎತ್ತ ಹರಿಯಬೇಕು, ಉಳಿದ ಬೂದಿಯನ್ನು ಎಲ್ಲಿ ಹೂಳಬೇಕು ಎಂಬ ನಿರ್ಣಯಗಳು ಹಳ್ಳದ ಮೇಲ್ಭಾಗದ ನಗರದ ಸಭಾಭವನದಲ್ಲಿ ಆಗತಕ್ಕವು. ಅವುಗಳ ಫಲವನ್ನು ಉಣ್ಣತಕ್ಕವರು ಕೆಳಭಾಗದ ನಾವು. ಕೆಳಗಿನವರನ್ನು ಕೇಳಬೇಕೆಂಬ ವಿಧಿಯೇ ಇಲ್ಲ.

ಈ ಅನ್ಯಾಯವು ಕಾಯದೆಯೊಳಗೇ ನೆಲೆಗೊಂಡಿದೆ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯು, ಅಹವಾಲು ಸಭೆಯನ್ನು 30 ದಿನ ಮುಂಚಿತವಾಗಿ ಪ್ರಕಟಿಸಿ, ಸ್ಥಾವರದ ಸ್ಥಳದಲ್ಲಿ ಇಲ್ಲವೆ ಅದರ ಸನಿಹದಲ್ಲಿ ನಡೆಸಬೇಕೆಂದು ಹೇಳುತ್ತದೆ. ಅಧ್ಯಯನಕಾರರು ವಾಡಿಕೆಯಂತೆ 10 ಕಿಲೋಮೀಟರ್ ತ್ರಿಜ್ಯದ ವರ್ತುಲವನ್ನೆಳೆದು ಅದರೊಳಗಿನ ಗಾಳಿ, ನೀರು, ಮಣ್ಣುಗಳನ್ನು ಪರೀಕ್ಷಿಸುತ್ತಾರೆ. ಹಳ್ಳದ ನೀರು ಆ ವರ್ತುಲದ ಗೆರೆಯಲ್ಲಿ ನಿಲ್ಲುವುದೇ? ಮೇಲಾಗಿ, ಕಸವನ್ನುರಿಸಿ 15 ಮೆಗಾವ್ಯಾಟ್‌ವರೆಗೆ ವಿದ್ಯುತ್ತನ್ನು ಉತ್ಪಾದಿಸುವ ಸ್ಥಾವರಗಳಿಗೆ ಪೂರ್ವಾನುಮತಿಯ ಕಟ್ಟಳೆಯಿಂದಲೇ ವಿನಾಯಿತಿಯನ್ನು ಕೊಡಲಾಗಿದೆ. ದಿನಕ್ಕೆ 600 ಟನ್ ಕಸ ಬೇಡುವ ಬಿಡದಿಯ ಸ್ಥಾವರದ ಸಾಮರ್ಥ್ಯ 11.5 ಮೆಗಾವ್ಯಾಟ್ ಎಂಬುದನ್ನು ವಾಚಕರು ಗಮನಿಸಬೇಕು. ಇಷ್ಟು ದೊಡ್ಡ ಕುಲುಮೆಯೂ ಕಾಯದೆಯ ಕಣ್ಣಿಗೆ ಸಣ್ಣದಾಗಿ ಕಾಣುವುದಾದರೆ, ದೊಡ್ಡದು ಯಾವುದು?

ಬೆಂಗಳೂರಿನ ಪೂರ್ವಕ್ಕಿರುವ ಮಂಡೂರಿನ ವೃತ್ತಾಂತವು ನಮ್ಮ ಭಾಗದವರಿಗೆ ಅಷ್ಟಾಗಿ ತಿಳಿಯದು. ಕಸದಿಂದ ವಿದ್ಯುತ್ತು ಹುಟ್ಟುವುದೆಂಬ ಆಶ್ವಾಸನೆಯನ್ನು ಆ ಗ್ರಾಮದವರೂ ಕೇಳಿದರು; ವಿದ್ಯುತ್ತು ಹುಟ್ಟಲಿಲ್ಲ, ಲಾರಿಗಳು ಮಾತ್ರ ತಪ್ಪದೆ ಬಂದವು; ಗುಡ್ಡವಾಗಿ ಬೆಳೆದ ಕಸದ ನಾತವನ್ನೂ ನೊಣಗಳನ್ನೂ ಕೆಟ್ಟ ಅಂತರ್ಜಲವನ್ನೂ ವರ್ಷಗಟ್ಟಲೆ ಸಹಿಸಿದ ಬಳಿಕ ಜನರು ಬೀದಿಗಿಳಿದುದರಿಂದಲೇ, 2014ರ ಡಿಸೆಂಬರ್ 1ರಿಂದ ಅಲ್ಲಿ ಕಸ ಸುರಿಯುವುದು ನಿಂತಿತು. ಅದಕ್ಕೂ ಮೊದಲು, ಬೆಂಗಳೂರಿನ ಕಸವನ್ನೇ ಹೊತ್ತಿದ್ದ ಮಾವಳ್ಳಿಪುರದ ರಾಶಿಯು 2012ರಲ್ಲಿ ಮುಚ್ಚಿತ್ತು. ನಗರ ಎಸೆದದ್ದನ್ನು ಹಳ್ಳಿ ಹೊತ್ತಿತು. ಅಲ್ಲಿಯೂ ಹಳ್ಳಿಯವರ ಮಾತಿಗೆ ಬೆಲೆ ಬಂದುದು ಸಹನೆ ಮುಗಿದ ಮೇಲೆ.

ನಮ್ಮ ಮನೆಗಳ ಕಸದಲ್ಲಿ ಅರ್ಧಕ್ಕೂ ಹೆಚ್ಚು ಹಸಿಯಾದದ್ದು. ಹಸಿ ಕಟ್ಟಿಗೆ ಒಲೆಯಲ್ಲಿ ಹೊಗೆಯಾಡುವಂತೆ ಅದು ಸ್ಥಾವರದಲ್ಲಿಯೂ ಹೊಗೆಯಾಡುತ್ತದೆ. ಕ್ಲೋರಿನ್ ಇರುವ ಪ್ಲಾಸ್ಟಿಕ್ಕು ಅದರೊಡನೆ ಅರೆಬರೆ ಬೆಂದಾಗ ಡಯಾಕ್ಸಿನ್ ಎಂಬ ವಿಷ ಜನಿಸುತ್ತದೆ. ಬೂದಿಯಲ್ಲಿ ಭಾರಲೋಹಗಳು ಉಳಿಯುತ್ತವೆ. ಆದಕಾರಣವೇ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2016ರ ಡಿಸೆಂಬರಿನಲ್ಲಿ, ಬೆಂಗಳೂರಿನ ಅಲ್ಮಿತ್ರಾ ಪಟೇಲರ ಪ್ರಕರಣದಲ್ಲಿ, ಇಂಥ ಸ್ಥಾವರಗಳಿಗೆ ಹೋಗುವ ಕಸ ಪೂರ್ಣವಾಗಿ ವಿಂಗಡವಾಗಿರಲೇಬೇಕೆಂದು ಆಜ್ಞಾಪಿಸಿತು. ಮರುವರ್ಷವೇ ದೆಹಲಿಯ ಓಖ್ಲಾ ಸ್ಥಾವರಕ್ಕೆ ಅದು 25 ಲಕ್ಷ ರೂಪಾಯಿ ದಂಡ ವಿಧಿಸಬೇಕಾಯಿತು.

ಹುಬ್ಬಳ್ಳಿಯಲ್ಲಿ ಆಗುವುದು ಸುಡುವ ಕಾರ್ಯವಲ್ಲ, ಗಾಳಿ ತಾಗದಂತೆ ಕಾಯಿಸುವ ಕಾರ್ಯ ಮಾತ್ರ ಎಂದು ಪಂಡಿತರು ಸಮಾಧಾನ ಹೇಳುತ್ತಾರೆ. ಆ ಇದ್ದಿಲನ್ನು ಯಾರಾದರೂ ಪೆಟ್ಟಿಗೆಯಲ್ಲಿಟ್ಟು ಪೂಜಿಸುವರೇ? ಅದು ಇನ್ನೊಂದು ಸ್ಥಾವರದ ಕುಲುಮೆಯಲ್ಲಿ ಉರಿಯಲೇಬೇಕು. ಹೊಗೆಯು ಇನ್ನೊಂದು ಊರಿನ ಪಾಲಾಗಲೇಬೇಕು. ನಾವು ಪ್ರಗತಿಯ ವಿರೋಧಿಗಳೆಂದು ಜರೆಯುವವರು ಒಂದು ದಿನ ಬೆಣ್ಣಿಹಳ್ಳದ ನೀರನ್ನು ಬೊಗಸೆಯಲ್ಲಿ ತುಂಬಿ ಕುಡಿದು, ಆಮೇಲೆ ಬಂದು ನಮಗೆ ಪ್ರಗತಿಯನ್ನು ಬೋಧಿಸಲಿ.

ತಮ್ಮ ಬಡಾವಣೆಗೆ ನಾತ ಬಂದಾಗ ಮಾತ್ರ ಪರಿಸರವನ್ನು ನೆನೆಯುವ ನಗರದ ಸುಶಿಕ್ಷಿತರಲ್ಲಿ ನಮಗೆ ನಂಬಿಕೆಯಿಲ್ಲ. ಹಸಿಕಸ ಒಣಕಸಗಳನ್ನು ಬೇರೆ ಮಾಡಲು ಬೇಸರಪಟ್ಟ ಅವರ ಕೈಗಳೇ ಈ ಸ್ಥಾವರದ ಮೂಲಕಾರಣ. ನಮ್ಮ ಪಕ್ಕದ ನರಗುಂದದಲ್ಲಿ 2015ರಿಂದ ಮಹಾದಾಯಿಯ ನೀರಿಗಾಗಿ ಧರಣಿ ಕುಳಿತ ಮುಂದಾಳುಗಳನ್ನೂ ಕೇಳಬೇಕಾಗಿದೆ: ಮಲಪ್ರಭೆಗೆ ನೀರು ತರುವಿರಿ, ಸಂತೋಷ, ತಂದ ನೀರಿಗೆ ಬೆಣ್ಣಿಹಳ್ಳದ ಕೊಳೆ ಬೆರೆಯುವುದರ ವಿಷಯವಾಗಿ ನಿಮ್ಮ ಘೋಷಣೆಗಳಲ್ಲಿ ಒಂದು ಸೊಲ್ಲಾದರೂ ಏಕಿಲ್ಲ? ಪ್ರತಿ ಚುನಾವಣೆಗೂ ನದಿಯ ಹೆಸರನ್ನೆತ್ತಿಕೊಂಡು ಬರುವ ಪಕ್ಷಗಳನ್ನು ಕೇಳುವುದೇ ವ್ಯರ್ಥ.

2009ರಲ್ಲಿಯೂ 2019ರಲ್ಲಿಯೂ ಹೊಳೆಯೂ ಹಳ್ಳವೂ ಒಟ್ಟಿಗೆ ಉಕ್ಕಿ ಹೊಲಮನೆಗಳನ್ನು ಹೊಕ್ಕಾಗ, ಮೇಲಿನ ಊರುಗಳು ಬಿಟ್ಟುದೆಲ್ಲವೂ ಕೆಳಗಿನವರ ಅಂಗಳಕ್ಕೇ ಬರುವುದೆಂಬುದನ್ನು ನಾವು ಕಣ್ಣಾರೆ ಕಂಡೆವು. ನೆರೆ ಇಳಿದ ಮೇಲೆ ಜೋಳದ ಹೊಲದಲ್ಲಿ ಪ್ಲಾಸ್ಟಿಕ್ಕನ್ನು ಆರಿಸಿದವರು ನಮ್ಮ ಹೆಣ್ಣುಮಕ್ಕಳು. ನಾಳೆ ಅದೇ ನೆರೆಯಲ್ಲಿ ಬೂದಿ ಬಂದರೆ ಅದನ್ನು ಆರಿಸಿ ತೆಗೆಯಲಾದೀತೇ? ಹಾಗಿದ್ದರೂ ಕೆಳಗಿನವರನ್ನು ಕೇಳಬೇಕೆಂಬ ವಿಧಿಯಿಲ್ಲ!

ಮುಂದಿನ ಗ್ರಾಮಸಭೆಗೆ ಮನೆಗೊಬ್ಬರಾದರೂ ಬರಬೇಕು. ಹಳ್ಳದ ದಂಡೆಯ ಗ್ರಾಮಗಳೆಲ್ಲವೂ, ತಮ್ಮ ಮಾತನ್ನು ಕೇಳದೆ ಕಸದ ಯಾವ ಸ್ಥಾವರಕ್ಕೂ ಅನುಮತಿ ಸಲ್ಲದೆಂದು ಠರಾವು ಮಾಡಿ, ಅದನ್ನು ಜಿಲ್ಲಾಧಿಕಾರಿಗಳಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಕಳಿಸಬೇಕು. ಓದು ಬಾರದವರಿಗೆ ಓದಬಲ್ಲವರು ಈ ಕರಪತ್ರವನ್ನು ಕಟ್ಟೆಯ ಮೇಲೆ ಕುಳಿತು ಓದಿ ಹೇಳಬೇಕು. ಓದಿಯಾದ ಪ್ರತಿಯನ್ನು ಹೊಳೆಆಲೂರಿನ ಸಂತೆಗೆ ಹೋಗುವವರ ಕೈಯಲ್ಲಿ ಕೊಡಬೇಕು.