ನಮ್ಮ ಮೆಟ್ರೋ ಎಲ್ಲರ ಮೆಟ್ರೋ ಆಗಲಿ

ಬೆಂಗಳೂರಿನ ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ 2011ರ ಅಕ್ಟೋಬರ್ 20ರಂದು ಮೊದಲ ಮೆಟ್ರೋ ರೈಲು ಓಡಿತು. ಇಂದು ಅದೇ ನೇರಳೆ ಮಾರ್ಗವು ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ 43 ಕಿಲೋಮೀಟರಿಗೂ ಮಿಗಿಲಾಗಿ ಹಬ್ಬಿದೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗವು ಬೊಮ್ಮಸಂದ್ರವನ್ನು ಮುಟ್ಟಿತು. ಹೊಗೆ, ಗದ್ದಲ, ವಾಹನದಟ್ಟಣೆಗಳಿಂದ ಬಸವಳಿದ ನಗರಕ್ಕೆ ಇದೊಂದು ವರದಾನವೆಂಬುದನ್ನು ನಾವು ಮನಃಪೂರ್ವಕವಾಗಿ ಒಪ್ಪುತ್ತೇವೆ. ಆದರೆ ಈ ವರದಾನ ಯಾರ ಪಾಲಿಗೆ ಎಂದು ಕೇಳದಿರಲಾರೆವು.

2025ರ ಫೆಬ್ರವರಿ 9ರಂದು ಗರಿಷ್ಠ ಪ್ರಯಾಣದರವು 60 ರೂಪಾಯಿಯಿಂದ 90 ರೂಪಾಯಿಗೆ ಏರಿತು. ಜನರ ಆಕ್ಷೇಪಕ್ಕೆ ಮಣಿದು ಕೆಲವು ದೂರಗಳ ದರವನ್ನು ತಗ್ಗಿಸಲಾಯಿತಾದರೂ ಗರಿಷ್ಠ ದರ ಹಾಗೆಯೇ ಉಳಿಯಿತು. ಆ ದರ ತೆತ್ತು ತಿಂಗಳಿಗೆ 26 ದಿನ ಕೆಲಸಕ್ಕೆ ಹೋಗಿಬರುವವರ ಲೆಕ್ಕ ನೋಡೋಣ. ಸ್ಮಾರ್ಟ್ ಕಾರ್ಡಿನ ಅಲ್ಪ ರಿಯಾಯಿತಿಯನ್ನು ಬದಿಗಿಟ್ಟರೆ, ಹಿಂದೆ 3,120 ರೂಪಾಯಿ ಆಗುತ್ತಿದ್ದ ವೆಚ್ಚ 4,680 ರೂಪಾಯಿಗೆ ಮುಟ್ಟಿತು. ಹೆಚ್ಚಿನ ಸಂಬಳದ ಉದ್ಯೋಗಿಗೆ ಈ 1,560 ರೂಪಾಯಿ ಹೊರೆಯೆನಿಸದು. ಕಾವಲುಗಾರನಿಗೆ, ಮನೆಗೆಲಸದ ತಾಯಿಗೆ ಅದು ಅಕ್ಕಿಬೇಳೆಯ ಹಣ.

ರಾಜ್ಯದ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ 2023ರ ಜೂನ್ 11ರಿಂದ ಉಚಿತ ಪ್ರಯಾಣ ದೊರೆಯಿತು. ಇದು ಸ್ತುತ್ಯ ಕಾರ್ಯ. ಆದರೆ ಮೆಟ್ರೋಗೆ ಆ ಸೌಲಭ್ಯ ಅನ್ವಯಿಸಲಿಲ್ಲ. ಬಡವರು ಬಸ್ಸಿನಲ್ಲಿ ಹೋಗಲಿ ಎಂದು ಹೇಳುವುದು ಸುಲಭ. ದಟ್ಟಣೆಯಲ್ಲಿ ಸಿಲುಕಿದ ಬಸ್ಸಿನಲ್ಲಿ ಗಂಟೆಗಟ್ಟಲೆ ಕಳೆದು, ಮಕ್ಕಳು ನಿದ್ರಿಸಿದ ಮೇಲೆ ಮನೆ ಸೇರುವ ಗಾರ್ಮೆಂಟ್ಸ್ ಕಾರ್ಮಿಕಳ ಸಮಯಕ್ಕೆ ಬೆಲೆಯಿಲ್ಲವೇ?

ಮೆಟ್ರೋ ನಿಗಮದ ಕಷ್ಟವನ್ನು ನಾವು ಅಲ್ಲಗಳೆಯುವುದಿಲ್ಲ. 2017ರ ಬಳಿಕ ದರ ಪರಿಷ್ಕರಣೆ ಆಗಿರಲಿಲ್ಲ. ವಿದ್ಯುತ್ತು, ವೇತನ, ಸಾಲದ ಹೊರೆ ಬೆಳೆದಿದೆ. ದರ ನಿಗದಿ ಸಮಿತಿಯ ಶಿಫಾರಸನ್ನು ಕಾನೂನಿನ ಪ್ರಕಾರ ಪಾಲಿಸಲೇಬೇಕು ಎಂಬುದೂ ನಿಜ. ಆದರೆ ನಿಗಮವು ಕೇಂದ್ರ ಹಾಗೂ ರಾಜ್ಯ ಸರಕಾರಗಳ ಜಂಟಿ ಸಂಸ್ಥೆ. ದರ ಏರಿದಾಗ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸಿದ್ದು ವಿಷಾದಕರ. ಇಬ್ಬರೂ ಸೇರಿ ಬಡವರ ಹೊರೆಯನ್ನು ಹೊರಬಹುದಲ್ಲವೇ? ಕಡಿಮೆ ಆದಾಯದ ಕಾರ್ಮಿಕರಿಗೆ ರಿಯಾಯಿತಿಯ ತಿಂಗಳ ಪಾಸು ನೀಡುವುದು ಅಸಾಧ್ಯವೇನಲ್ಲ.

ರೈಲುಗಳು ತುಂಬಿ ಓಡುತ್ತಿವೆಯಲ್ಲ ಎಂದು ಕೆಲವರು ಕೇಳುತ್ತಾರೆ. ಬೋಗಿಯೊಳಗೆ ನಿಂತವರನ್ನು ಎಣಿಸಬಹುದು. ದರಕ್ಕೆ ಅಂಜಿ ನಿಲ್ದಾಣದ ಮೆಟ್ಟಿಲನ್ನೇ ಏರದವರನ್ನು ಎಣಿಸುವವರು ಯಾರು? ದೆಹಲಿಯಲ್ಲಿ 2017ರಲ್ಲಿ ಎರಡು ಬಾರಿ ದರ ಏರಿ, ಗರಿಷ್ಠ ದರ 30 ರೂಪಾಯಿಯಿಂದ 60ಕ್ಕೆ ಮುಟ್ಟಿದಾಗ ಪ್ರಯಾಣಿಕರ ಸಂಖ್ಯೆ ಕುಸಿಯಿತು. ಬೆಂಗಳೂರಿನಲ್ಲೂ ದರ ಏರಿಕೆಯ ಬೆನ್ನಿಗೇ ಅದು ಕುಗ್ಗಿತು. ಹೊಸ ಪ್ರಯಾಣಿಕರು ಬಂದರೆಂದು ಬಿಟ್ಟುಹೋದವರನ್ನು ಮರೆಯಲಾಗದು.

ನಗರಗಳಲ್ಲಿ ಸಾರ್ವಜನಿಕ ಸಾರಿಗೆಗೆ ಆದ್ಯತೆ ದೊರೆಯಬೇಕೆಂದು ಪೋಪ್ ಫ್ರಾನ್ಸಿಸರು 2015ರ ‘ಲೌದಾತೋ ಸಿ’ ಪರಿಪತ್ರದಲ್ಲಿ ಕರೆಯಿತ್ತಿದ್ದರು. ಕೈಗೆಟುಕದ ಸಾರಿಗೆಯನ್ನು ಸಾರ್ವಜನಿಕವೆಂದು ಕರೆಯುವುದಾದರೂ ಹೇಗೆ?

ಸರಕಾರವನ್ನು ಪ್ರಶ್ನಿಸುವ ನಾವು ನಮ್ಮನ್ನೂ ಪ್ರಶ್ನಿಸಿಕೊಳ್ಳಬೇಕು. ನಮ್ಮ ಮನೆಗೆಲಸಕ್ಕೆ ಬರುವ ಸಹೋದರಿ ಎಲ್ಲಿಂದ ಬರುತ್ತಾಳೆ, ಹೇಗೆ ಬರುತ್ತಾಳೆ, ಆ ಖರ್ಚು ಯಾರದು ಎಂದು ಎಂದಾದರೂ ವಿಚಾರಿಸಿದ್ದೇವೆಯೇ? ಈ ವಾರವೇ ವಿಚಾರಿಸೋಣ. ನ್ಯಾಯದ ಬೇಡಿಕೆ ನಮ್ಮ ಮನೆಬಾಗಿಲಿನಿಂದಲೇ ಆರಂಭವಾಗಲಿ.