ಬೆಂಕಿಗಿಂತ ಮೊದಲು ಕೊಲ್ಲುವುದು ಹಗ್ಗ

ಶಿವರಾತ್ರಿ ಕಳೆದು ಯುಗಾದಿ ಸಮೀಪಿಸುವ ವೇಳೆಗೆ ಬಾದಾಮಿ, ಗುಳೇದಗುಡ್ಡ, ಐಹೊಳೆಗಳ ಕೆಂಪುಕಲ್ಲಿನ ಗುಡ್ಡಗಳ ಮೇಲೆ ಕರಡ ಒಣಗಿ ನಿಂತಿರುತ್ತದೆ. ಯಾರೋ ಎಸೆದ ಬೀಡಿಯ ತುಂಡು, ಹೊಸ ಹುಲ್ಲು ಚಿಗುರಲೆಂದು ಹಚ್ಚಿದ ಕಿಡಿ, ಬದುವಿನ ಕಸಕ್ಕೆ ಇಟ್ಟ ಬೆಂಕಿ, ಇಷ್ಟೇ ಸಾಕು. ಗುಡ್ಡದ ಉರಿ ಜಾಲಿಮುಳ್ಳಿನ ಬೇಲಿ ಹಿಡಿದು ಹಿತ್ತಲಿಗೆ ಇಳಿಯುತ್ತದೆ. ಹಿತ್ತಲಿನ ಬಣವೆಯಿಂದ ಕೊಟ್ಟಿಗೆಗೆ ದಾಟುತ್ತದೆ. ಮರುದಿನ ಬೂದಿಯಲ್ಲಿ ಗೂಟವೂ ಎಲುಬೂ ಒಂದೇ ಕಡೆ ಸಿಗುತ್ತವೆ. ಊರವರು ‘ವಿಧಿ’ ಎನ್ನುತ್ತಾರೆ. ಕಾಗದದಲ್ಲಿ ‘ಆಕಸ್ಮಿಕ’ ಎಂದು ದಾಖಲಾಗುತ್ತದೆ. ಎರಡೂ ಸುಳ್ಳು.

ಕಾಡಿನ ಮೃಗಕ್ಕೆ ಓಡಲು ಕಾಲಿದೆ, ನವಿಲಿಗೆ ಹಾರಲು ರೆಕ್ಕೆಯಿದೆ. ಕಟ್ಟಿದ ಆಕಳಿಗೆ ಕಾಲಿದ್ದರೂ ಕೊರಳಲ್ಲಿ ಹಗ್ಗವಿದೆ, ಕೋಳಿಗೆ ರೆಕ್ಕೆಯಿದ್ದರೂ ಮೇಲೆ ಬುಟ್ಟಿ ಕವುಚಿದೆ, ನಾಯಿಗೆ ಸರಪಳಿಯಿದೆ. ತಪ್ಪಿಸಿಕೊಳ್ಳುವ ಶಕ್ತಿಯನ್ನು ಅವುಗಳಿಂದ ಕಿತ್ತುಕೊಂಡವನು ಮನುಷ್ಯ. ಆದ್ದರಿಂದ ಬೆಂಕಿ ಬಂದಾಗ ಅವುಗಳನ್ನು ಉಳಿಸುವುದು ಉಪಕಾರವಲ್ಲ, ಋಣ.

‘ಗುಡ್ಡವೇ ಉರಿಯುತ್ತಿರುವಾಗ ಕೋಳಿಯ ಚಿಂತೆಯೇ?’ ಎಂದು ನಗುವವರುಂಟು. ಆ ಕೋಳಿ ಯಾರದೆಂದು ಅವರು ಕೇಳಿಕೊಳ್ಳಲಿ. ಹೊಲದ ಪಹಣಿ ಸಾಮಾನ್ಯವಾಗಿ ಗಂಡಸಿನ ಹೆಸರಿನಲ್ಲಿರುತ್ತದೆ. ಹಿತ್ತಲಿನ ನಾಲ್ಕು ಕೋಳಿ, ಎರಡು ಆಡು ಮಾತ್ರ ಹೆಣ್ಣುಮಗಳ ಕೈಯ ಗಂಟು. ಇಳಕಲ್ಲಿನಲ್ಲಿ ಮಗ್ಗದ ಕೆಲಸ ನಿಂತ ವಾರ, ಮಗುವಿಗೆ ಜ್ವರ ಬಂದ ದಿನ, ಶಾಲೆ ಆರಂಭವಾಗುವ ತಿಂಗಳು ಅಮೀನಗಡದ ಸಂತೆಗೆ ಹೋಗುವುದು ಆ ಆಡೇ. ಭೂಮಿಯಿಲ್ಲದವರಿಗೆ ಅದೇ ಬ್ಯಾಂಕು.

ಇನ್ನು ಸರ್ಕಾರದ ಲೆಕ್ಕ. 2019ರ ಜಾನುವಾರು ಗಣತಿ ಹಿತ್ತಲಿನ ಕೋಳಿಯನ್ನೂ ಎಣಿಸಿತು. 2022-23ರಿಂದ 2025-26ರ ಅವಧಿಗೆ ಕೇಂದ್ರವು ನಿಗದಿಪಡಿಸಿದ ವಿಪತ್ತು ಪರಿಹಾರ ಮಾನದಂಡದಲ್ಲಿ ಬೆಂಕಿಯೂ ಸೇರಿದೆ: ಸತ್ತ ಹಸು-ಎಮ್ಮೆಗೆ 37,500 ರೂಪಾಯಿ, ಎತ್ತಿಗೆ 32,000, ಕುರಿ-ಆಡಿಗೆ 4,000, ಕೋಳಿಗೆ 100. ನಾಯಿಗೆ ಕಾಲಮ್ಮೇ ಇಲ್ಲ. ನಮ್ಮದೇ ಜಿಲ್ಲೆಯ ಮುಧೋಳ ತಳಿಗೆ 2005ರಲ್ಲಿ ಅಂಚೆಚೀಟಿಯ ಗೌರವ ದೊರೆಯಿತು. ಕುರಿಹಟ್ಟಿ ಕಾಯುತ್ತ ಬೆಂದ ನಾಯಿಗೆ ಪರಿಹಾರದ ಪಟ್ಟಿಯಲ್ಲಿ ಜಾಗವಿಲ್ಲ. ಬದುಕಿದ್ದಾಗ ಎಣಿಕೆ, ಸತ್ತ ಮೇಲೆ ಬೆಲೆ. ನಡುವೆ ಉಳಿಸುವ ಕೆಲಸ ಯಾರದು? 2019ರ ಫೆಬ್ರುವರಿಯಲ್ಲಿ ಬಂಡೀಪುರ ಉರಿದಾಗ ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿದವು, ಅದು ಸರಿಯೇ. ಬಾದಾಮಿಯ ಕರಡಕ್ಕೆ ಹೆಲಿಕಾಪ್ಟರು ಬರುವುದೆಂದು ಕಾಯುವಂತಿಲ್ಲ. ಮೊದಲು ಓಡಿಬರುವವರು ನೆರೆಮನೆಯವರೇ.

ಆದ್ದರಿಂದ ಕೆಲಸ ಊರಿನಿಂದಲೇ ಆರಂಭವಾಗಬೇಕು. ಬಣವೆಯನ್ನು ಕೊಟ್ಟಿಗೆಗೆ ಒರಗಿಸಿ ಒಟ್ಟುವುದನ್ನು ನಿಲ್ಲಿಸೋಣ. ಹಿತ್ತಲಿನ ಸುತ್ತ ಐದಾರು ಮಾರು ಅಗಲ ಕರಡ-ಕಸ ಕೆತ್ತಿ ಬರಿನೆಲ ಮಾಡೋಣ. ಬೇಸಿಗೆ ಮುಗಿಯುವವರೆಗೆ ಒಂದೇ ಎಳೆತಕ್ಕೆ ಬಿಚ್ಚುವ ಜೀರುಗಂಟು ಹಾಕಿ, ಬಾಗಿಲ ಬಳಿ ಕುಡುಗೋಲು ತೂಗುಹಾಕೋಣ. ಉರಿಯುವ ಕೊಟ್ಟಿಗೆಗೆ ಯಾರೂ ನುಗ್ಗಬಾರದು. ಉರಿ ದೂರವಿರುವಾಗಲೇ ಗಂಟು ಬಿಚ್ಚಬೇಕು.

ಹಕ್ಕಿಯ ಉಸಿರಿನ ಅಂಗ ಬಹು ಸೂಕ್ಷ್ಮ. ಜ್ವಾಲೆ ತಾಗುವ ಮೊದಲೇ ಹೊಗೆ ಕೋಳಿಯನ್ನು ಕೊಲ್ಲುತ್ತದೆ. ರಾತ್ರಿ ಅದು ಓಡದು. ಗೂಡಿನಿಂದ ಎತ್ತಿ ಗಾಳಿಯಾಡುವ ಬುಟ್ಟಿಯಲ್ಲಿ ಒಯ್ಯಬಹುದು. ಬಿಚ್ಚಿದ ದನ ಹೆದರಿ ಮತ್ತೆ ಅದೇ ಕೊಟ್ಟಿಗೆಗೆ ನುಗ್ಗಬಲ್ಲದು. ಹೊರಗಟ್ಟಿದ ಮೇಲೆ ಬಾಗಿಲು ಮುಚ್ಚಬೇಕು. ಹಿಂಡಿನ ಮುಂದಾಳು ಆಡನ್ನು ಹಿಡಿದು ನಡೆಸಿದರೆ ಕುರಿಗಳು ಹಿಂಬಾಲಿಸುತ್ತವೆ. ಏರಿನಲ್ಲಿ ಬೆಂಕಿ ವೇಗವಾಗಿ ಓಡುವುದರಿಂದ ಗುಡ್ಡ ಹತ್ತಿಸಬಾರದು. ಉತ್ತ ಹೊಲ, ಹುಲ್ಲಿಲ್ಲದ ಕೆರೆಯಂಗಳ ಲೇಸು. ಬೆಂಕಿಗೆ 112ಕ್ಕೂ, ಸುಟ್ಟ ಪ್ರಾಣಿಯ ಚಿಕಿತ್ಸೆಗೆ ಪಶು ಚಿಕಿತ್ಸಾ ವಾಹನದ 1962ಕ್ಕೂ ಕರೆ ಮಾಡಬೇಕು.

ಗ್ರಾಮ ಪಂಚಾಯಿತಿಯ ಮುಂದೆ ನಮ್ಮ ಆಗ್ರಹವಿಷ್ಟೆ. ಬೇಸಿಗೆಗೆ ಮುನ್ನ ಗ್ರಾಮಸಭೆ ಕರೆಯಲಿ. ಯಾವ ಓಣಿಯ ದನ ಯಾವ ಬಯಲಿಗೆ ಹೋಗಬೇಕೆಂಬುದೂ, ಒಂಟಿ ಮುದುಕಿಯ ಆಡನ್ನು ಬಿಚ್ಚುವವರು ಯಾರೆಂಬುದೂ ಅಲ್ಲಿಯೇ ನಿರ್ಧಾರವಾಗಲಿ. ಗುಡ್ಡದಂಚಿನ ನೀರಿನ ತೊಟ್ಟಿಗಳು ತುಂಬಿರಲಿ. ವಿದ್ಯಾರ್ಥಿಗಳು ಮನೆಮನೆಗೆ ತೆರಳಿ ಕೋಳಿ, ಆಡು, ನಾಯಿಗಳ ಪಟ್ಟಿ ಬರೆಯಲಿ. ನಾಳೆ ಪರಿಹಾರ ಕೇಳುವ ಬಡವಳಿಗೂ ಅದು ಆಧಾರವಾದೀತು.

ಬಸವಣ್ಣನವರ ಐಕ್ಯಸ್ಥಳ ಕೂಡಲಸಂಗಮ ನಮ್ಮ ಹುನಗುಂದ ಸೀಮೆಯಲ್ಲಿದೆ. ದಯೆಯ ಕುರಿತ ಅವರ ಮಾತನ್ನು ಗೋಡೆಗಳ ಮೇಲೆ ಬರೆಸಿದ್ದೇವೆ. ಗೂಟಕ್ಕೆ ಕಟ್ಟಿದ ಕರು ಆ ಗೋಡೆಯನ್ನು ಓದಲಾರದು. ಅದಕ್ಕೆ ಬೇಕಾದುದು ಒಂದು ಸಡಿಲ ಗಂಟು, ಅದನ್ನು ಎಳೆಯುವ ಒಂದು ಕೈ.