ವಾಹನ ವಿಚಾರ: ನಡುನಟ್ಟಿನ ಗಂಡಾಂತರ

ಟಾಯರಿನ ಗಾಳಿ ಸರಿಯಿದ್ದೂ ಸೊಲ್ಲಾಪುರ–ಅಕ್ಕಲಕೋಟೆ ದಾರಿಯ ಸಣ್ಣ ತಗ್ಗಿಗೆ ಕಾರು ಎತ್ತಿಹಾಕುತ್ತಿದ್ದರೆ, ಮುಂಗಾಲಿಯ ಸ್ಟ್ರಟ್ಟು ಬಿಗಿದುಹೋಗಿರಬಹುದು. 1983ರಲ್ಲಿ ಬಂದ ಮಾರುತಿ 800 ಈ ರಚನೆಯನ್ನು ನಮ್ಮ ಮನೆಯಂಗಳಕ್ಕೆ ತಂದಿತು. ಮನೆಯ ಹುಡುಗರು ತಾವೇ ಬಿಚ್ಚಲು ಹೊರಟರೆ ಇದನ್ನು ತಿಳಿಸಿರಿ: ಗಾಡಿಯಿಂದ ಇಳಿಸಿದ ಸ್ಟ್ರಟ್ಟಿನಲ್ಲಿ ಸುರುಳಿ ಸ್ಪ್ರಿಂಗು ಅದುಮಿಕೊಂಡೇ ಇರುತ್ತದೆ, ಅದನ್ನು ತಡೆದಿರುವುದು ಮೇಲಿನ ನಡುನಟ್ಟೊಂದೇ. ಹಾಗೆಯೇ ಬಿಚ್ಚಿದರೆ ಮೇಲಿನ ಬಟ್ಟಲು ಸಿಡಿದು ಪ್ರಾಣಕ್ಕೆ ಎರವಾದೀತು.

ಎರಡು ಕಂಪ್ರೆಸರುಗಳನ್ನು ಸ್ಪ್ರಿಂಗಿಗೆ ಎದುರುಬದುರಾಗಿ ತೊಡಿಸಿ, ಕೈಪಾನೆಯಿಂದ ಒಂದಕ್ಕೆ ಕೆಲವು ಸುತ್ತು, ಇನ್ನೊಂದಕ್ಕೆ ಅಷ್ಟೇ ಸುತ್ತು ಬಿಗಿಯಬೇಕು. ಸ್ಪ್ರಿಂಗು ಬಟ್ಟಲಿನಿಂದ ಬಿಡಿಸಿಕೊಂಡು ಸಡಿಲವಾಗಿ ಅಲುಗಿದ ಮೇಲೆಯೇ ನಡುನಟ್ಟಿಗೆ ಕೈಹಚ್ಚಬೇಕು. ಮುಖವನ್ನು ಅದರ ನೇರಕ್ಕೆ ಒಡ್ಡಕೂಡದು. ಎಳೆ ಸವೆದ ಕಂಪ್ರೆಸರನ್ನು ಬಾಡಿಗೆಗೆ ತರುವುದಕ್ಕಿಂತ ಮಿಸ್ತ್ರಿಯ ಕೂಲಿಯೇ ಅಗ್ಗವೆಂದು ನನ್ನ ಮತ. ಎರಡೂ ಬದಿಯ ಸ್ಟ್ರಟ್ಟುಗಳನ್ನು ಜೊತೆಯಾಗಿ ಬದಲಿಸಿ, ಬಳಿಕ ಗಾಲಿಗಳ ಅಲೈನ್‌ಮೆಂಟ್ ಮಾಡಿಸತಕ್ಕದ್ದು.